ಬರಿದಾದ ಕೊಟ್ಟಿಗೆಯಲ್ಲಿ ಬೆಳೆ

ತುಕ್ಕಾನಟ್ಟಿಯ ಸುತ್ತಿನ ತೋಟದ ಮನೆಗಳನ್ನು, ಅಷ್ಟೇ ಏಕೆ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ತೋಟದ ಮನೆಯನ್ನು ನೋಡಿದರೂ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಮನೆಯ ಮಗ್ಗುಲಿಗೆ ಒಂದು ಕೊಟ್ಟಿಗೆ ಇರುತ್ತದೆ. ಅದರಲ್ಲಿ ಗೋದಲಿ ಇದೆ, ಗೂಟಗಳಿವೆ. ಎತ್ತುಗಳು ಮಾತ್ರ ಇಲ್ಲ. ರಂಟೆ ಹೊಡೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು. ನಾಲ್ಕು ಕಾಲು ಕಟ್ಟುತ್ತಿದ್ದ ಜಾಗದಲ್ಲಿ ಈಗ ಹಳೆಯ ಪೈಪು, ತುಕ್ಕು ಹಿಡಿದ ಕೂರಿಗೆ, ಗೊಬ್ಬರದ ಬರಿ ಚೀಲಗಳು ಬಿದ್ದಿವೆ. ಕೆಲವು ಕಡೆ ಕಬ್ಬಿನ ಗಾಣದ ಮನೆಗಳೂ ಇದೇ ದಾರಿ ಹಿಡಿದಿವೆ. ಕಬ್ಬು ಕಾರಖಾನೆಗೆ ಹೋದ ಮೇಲೆ ಕೊಪ್ಪರಿಗೆ ಮಗುಚಿಬಿದ್ದು, ಮೇಲಿನ ಪತ್ರಾಸು ಮಾತ್ರ ಉಳಿದಿದೆ.

ಈ ಬರಿದಾದ ಸೂರಿನ ಕೆಳಗೆ ಏನನ್ನಾದರೂ ಬೆಳೆಯಬಹುದೆ ಎಂಬ ಪ್ರಶ್ನೆಯನ್ನು ಈಗ ಅನೇಕರು ಕೇಳುತ್ತಿದ್ದಾರೆ. ಕೇಳುವವರಲ್ಲಿ ತರುಣರಿದ್ದಾರೆ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿದ್ದಾರೆ. ಅವರ ಕೈಯ ಮೊಬಾಯಿಲಿನಲ್ಲಿ ಒಂದು ಚಿತ್ರವೂ ಇರುತ್ತದೆ: ಮುಚ್ಚಿದ ಕೋಣೆ, ಅಂತಸ್ತಿನ ಮೇಲೆ ಅಂತಸ್ತು ಹಸಿರು ಸೊಪ್ಪು, ಮೇಲೆ ನೇರಿಳೆ ಬಣ್ಣದ ದೀಪ, ಮಾಳಿಗೆಯ ಮೇಲೆ ಸೋಲಾರ ಪ್ಲೇಟುಗಳು. ನೋಡಲು ಬಲು ಚಂದ. ಸಂಘದಿಂದ ಸಾಲ ತೆಗೆದು ಇದನ್ನು ಮಾಡೋಣವೆ ಎಂದು ಕೇಳಿದಾಗ, ಹೌದು ಎನ್ನುವದಕ್ಕಿಂತ ಮುಂಚೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಸಾಲದ ಕಂತು ಸೊಪ್ಪು ಬಂತೋ ಇಲ್ಲವೋ ಎಂದು ಕೇಳುವದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಟ್ಟಿಗೆಗೆ ಸೋಲಾರ ಹಾಕಿಸುವದಾದರೆ ಬೆಳಕಿಗಾಗಿ ಹಾಕಿಸಬೇಡಿರಿ. ಗಾಳಿಗಾಗಿ, ತಂಪಿಗಾಗಿ ಹಾಕಿಸಿರಿ. ಬಿಸಿಲು ಬೇಕಾದ ಬೆಳೆಯನ್ನು ಹೊರಗೆ ಬಿಟ್ಟು, ಬಿಸಿಲು ಬೇಡದ ಬೆಳೆಯನ್ನು ಒಳಗೆ ತನ್ನಿರಿ.

ನೇರಿಳೆ ದೀಪದ ಚಿತ್ರವನ್ನು ನಮ್ಮ ಕಡೆಯ ಒಬ್ಬ ಅಜ್ಜನಿಗೆ ತೋರಿಸಿದರೆ ಅವನು ಹೀಗೆ ಕೇಳಿಯಾನು: “ತಮ್ಮಾ, ಬಿಸಲ ಹೊರಗ ಫುಕಟ ಬಿದ್ದೈತಿ. ನೀ ಅದನ್ನ ಹಿಡದು ತಂತ್ಯಾಗ ತುಂಬಿ, ಒಳಗ ತಂದು, ಮತ್ತ ದೀಪಾ ಮಾಡಿ ಸೊಪ್ಪಿಗೆ ತೋರಸ್ತೀ ಅಂತಿ. ನಡುವ ಎಷ್ಟ ಸೋರಿ ಹೋಗತೈತಿ, ಲೆಕ್ಕಾ ಇಟ್ಟೀ ಏನು?” ಅಜ್ಜ ಶಾಲೆ ಕಲಿತಿರಲಿಕ್ಕಿಲ್ಲ, ಆದರೆ ವಿದ್ಯುತ್ ಶಾಸ್ತ್ರದ ಮುಖ್ಯ ಪ್ರಶ್ನೆಯನ್ನೇ ಕೇಳಿದ್ದಾನೆ.

ಲೆಕ್ಕವನ್ನು ನೋಡೋಣ. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರು ಜಾಗದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ೫ ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಒಳ್ಳೆಯ ಸೋಲಾರ ಪ್ಲೇಟು ಅದರಲ್ಲಿ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಮಾಡುತ್ತದೆ. ಅಂದರೆ ಒಂದು ಯೂನಿಟ್ಟು. ಪ್ಲೇಟಿನ ಕಾವು, ಮೇಲೆ ಕುಳಿತ ಧೂಳು, ಬ್ಯಾಟರಿ, ತಂತಿ ಇವುಗಳಲ್ಲಿ ಕಾಲು ಭಾಗ ಹೋದರೆ ಕೈಗೆ ಬರುವದು ಮುಕ್ಕಾಲು ಯೂನಿಟ್ಟು. ಇನ್ನು ಒಂದು ಚದರ ಮೀಟರು ಸೊಪ್ಪಿನ ಮಡಿಯನ್ನು ಪೂರ್ತಿಯಾಗಿ ದೀಪದ ಬೆಳಕಿನಲ್ಲಿಯೇ ಬೆಳೆಸಬೇಕಾದರೆ, ಒಳ್ಳೆಯ ಎಲ್.ಇ.ಡಿ. ದೀಪ ಹಾಕಿದರೂ, ದಿನಕ್ಕೆ ಸುಮಾರು ಒಂದೂವರೆ ಯೂನಿಟ್ಟು ಬೇಕು. ಎಂದರೆ ಒಂದು ಮೀಟರು ಸೊಪ್ಪಿಗೆ ಎರಡು ಮೀಟರು ಪ್ಲೇಟು. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಕೊಟ್ಟಿಗೆಯ ನೆಲ ೧೪ ಚದರ ಮೀಟರು. ಚಿತ್ರದಲ್ಲಿದ್ದಂತೆ ಮೂರು ಅಂತಸ್ತು ಮಾಡಿದರೆ ಸೊಪ್ಪಿನ ಮಡಿ ೪೨ ಮೀಟರು; ಅದಕ್ಕೆ ಪ್ಲೇಟು ೮೪ ಮೀಟರು. ಕೊಟ್ಟಿಗೆಯ ಸೂರಿನ ಆರು ಪಟ್ಟು! ಇದು ಸೊಪ್ಪಿನ ಲೆಕ್ಕ. ಟೊಮೆಟೊದಂಥ ಹಣ್ಣು ಬಿಡುವ ಗಿಡಕ್ಕೆ ಬೆಳಕು ಇನ್ನೂ ಹೆಚ್ಚು ಬೇಕು. ಇಷ್ಟೆಲ್ಲ ಮಾಡಿ ಬೆಳೆದ ಸೊಪ್ಪನ್ನು ಗೋಕಾಕದ ಸಂತೆಯಲ್ಲಿ ಯಾವುದರ ಎದುರಿಗೆ ಇಟ್ಟು ಮಾರಬೇಕು? ಕಾಲುವೆಯ ದಂಡೆಯಲ್ಲಿ ಪುಕ್ಕಟೆ ಬಿಸಿಲಿನಲ್ಲಿ ಬೆಳೆದ ಮೆಂತೆ ಕೊತ್ತಂಬರಿಯ ಎದುರಿಗೆ.

ಬಿಸಿಲು ಕಡಿಮೆಯಿರುವ, ಹಿಮ ಬೀಳುವ ದೇಶಗಳಲ್ಲಿ ಈ ದೀಪದ ಬೇಸಾಯಕ್ಕೆ ಅರ್ಥವಿರಬಹುದು. ಅಲ್ಲಿಯೂ ಅದು ಸುಲಭವಾಗಿ ನಡೆದಿಲ್ಲ. ಅಮೇರಿಕೆಯ ನ್ಯೂಜೆರ್ಸಿಯ ಏರೋಫಾರ್ಮ್ಸ್ ಎಂಬ ದೊಡ್ಡ ಕಂಪನಿ ೨೦೨೩ರಲ್ಲಿ ದಿವಾಳಿ ಅರ್ಜಿ ಹಾಕಿತು. ನ್ಯೂಯಾರ್ಕಿನ ಬೌರಿ ಫಾರ್ಮಿಂಗ್ ೨೦೨೪ರಲ್ಲಿ ಬಾಗಿಲು ಮುಚ್ಚಿತು. ಅವರ ಹತ್ತಿರ ಇದ್ದ ಬಂಡವಾಳ ನಮ್ಮ ಸಂಘದ ಪಾಸುಬುಕ್ಕಿನಲ್ಲಿ ಇಲ್ಲ.

ಹಾಗಾದರೆ ಬಿಸಿಲು ಬೇಡದ ಬೆಳೆ ಯಾವದು? ಎರಡು ಹೆಸರುಗಳನ್ನು ಹೇಳುವರು. ಒಂದು, ತಟ್ಟೆಯಲ್ಲಿ ಮೊಳಕೆ ಒಡೆಸಿದ ಗೋವಿನಜೋಳದ ಹಸಿ ಮೇವು. ಇನ್ನೊಂದು, ಅಣಬೆ.

ಮೇವಿನ ಮಾತನ್ನು ಬೇಗ ಮುಗಿಸುತ್ತೇನೆ. ಒಂದು ಕಿಲೋ ಗೋವಿನಜೋಳ ನೆನೆಯಿಟ್ಟು ತಟ್ಟೆಯಲ್ಲಿ ಹರಡಿ ದಿನಕ್ಕೆ ಹಲವು ಸಲ ನೀರು ಚಿಮುಕಿಸಿದರೆ ಏಳೆಂಟು ದಿನಗಳಲ್ಲಿ ಐದಾರು ಕಿಲೋ ಹಸಿರು ಚಾಪೆ ಎದ್ದುಬರುತ್ತದೆ. ಒಂದು ಆರಾಯಿತು ಎಂದು ಹಿಗ್ಗುವವರುಂಟು. ಆದರೆ ಆ ಹೆಚ್ಚಿನ ತೂಕವೆಲ್ಲ ನೀರು. ಕಾಳಿನೊಳಗಿನ ಹಿಟ್ಟಿನ ಸ್ವಲ್ಪ ಭಾಗವನ್ನು ಮೊಳಕೆ ತಾನೇ ತಿಂದಿರುತ್ತದೆ. ಆದುದರಿಂದ ಒಣಗಿಸಿ ತೂಗಿದರೆ ಹಾಕಿದ ಕಾಳಿಗಿಂತ ಕಡಿಮೆಯೇ ಉಳಿಯುತ್ತದೆ. ಹಸಿರು ಕಾಣದ ಬೇಸಿಗೆಯಲ್ಲಿ ಹಾಲು ಕೊಡುವ ಒಂದೆರಡು ಎಮ್ಮೆಗಳಿಗೆ ರುಚಿಗೆಂದು ಕೊಟ್ಟರೆ ಅಡ್ಡಿಯಿಲ್ಲ. ಅದರ ಮೇಲೆ ದನ ಸಾಕುತ್ತೇನೆ ಎಂದರೆ ನೀರನ್ನು ಮೇವೆಂದು ತೂಗಿದಂತಾಯಿತು. ಬೂಜು ಹಿಡಿದ ಚಾಪೆಯನ್ನಂತೂ ದನಕ್ಕೆ ಹಾಕಲೇಬಾರದು.

ಅಣಬೆಯ ಸಂಗತಿ ಬೇರೆ. ಅದು ಗಿಡವಲ್ಲ. ಅದರಲ್ಲಿ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಕಲೆ ಅದಕ್ಕೆ ಗೊತ್ತಿಲ್ಲ. ಸತ್ತ ಹುಲ್ಲು, ಹೊಟ್ಟು, ಕಟ್ಟಿಗೆಯನ್ನು ಕರಗಿಸಿ ತಿನ್ನುತ್ತದೆ. ಅಂದರೆ ಕಳೆದ ವರ್ಷ ಹೊಲದಲ್ಲಿ ಬಿದ್ದ ಬಿಸಿಲನ್ನೇ ಹುಲ್ಲಿನ ಮುಖಾಂತರ ಉಣ್ಣುತ್ತದೆ. ಅಜ್ಜನ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಬಿಸಿಲನ್ನು ತಂತಿಯಲ್ಲಿ ತರಬೇಕಾಗಿಲ್ಲ, ಅದು ರವದಿಯಲ್ಲಿ ಕಟ್ಟಿಟ್ಟಿದೆ. ಕಬ್ಬು ಕಡಿದ ಮೇಲೆ ನಾವು ಹೊಲದಲ್ಲಿ ಬೆಂಕಿ ಹಚ್ಚುವದು ಈ ಗಂಟಿಗೇ.

ಚಿಪ್ಪಿನ ಆಕಾರದ ಅಣಬೆಯನ್ನು ಬೆಳೆಸುವ ವಿದ್ಯೆ ಮೊದಲ ಮಹಾಯುದ್ಧದ ಕಾಲಕ್ಕೆ, ೧೯೧೭ರಲ್ಲಿ, ಜರ್ಮನಿಯಲ್ಲಿ ಪ್ರಾರಂಭವಾಯಿತು. ಇದನ್ನು ನಮ್ಮ ದೇಶದಲ್ಲಿ ಬತ್ತದ ಹುಲ್ಲಿನ ಮೇಲೆ ಬೆಳೆದು ತೋರಿಸಿದ ಮೊದಲಿಗರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಜಾಕಿಯಾ ಬಾನೊ ಮತ್ತು ಶ್ರೀವಾಸ್ತವ ಇವರ ಹೆಸರು ಬರುತ್ತದೆ. ಅವರ ಲೇಖನ ೧೯೬೨ರದು. ಆದುದರಿಂದ ಇದು ಪರದೇಶದಿಂದ ನಿನ್ನೆ ಮೊನ್ನೆ ಬಂದ ಹುಚ್ಚಲ್ಲ. ಕನ್ನಡನಾಡಿನಲ್ಲಿಯೇ ಅರವತ್ತು ವರ್ಷ ದಾಟಿದ ವಿದ್ಯೆ. ಈಚೆಗೆ ಬೆಂಗಳೂರಿನ ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಸೋಲಾರಿನಿಂದ ನಡೆಯುವ ಒಂದು ಚಿಕ್ಕ ಅಣಬೆ ಗೂಡನ್ನು ಮಾಡಿದ್ದಾರೆ. ಪೈಪಿನ ಚೌಕಟ್ಟು, ಸುತ್ತಲೂ ಸಣ್ಣ ಕಣ್ಣಿನ ಬಲೆ ಮತ್ತು ಗೋಣಿತಟ್ಟು, ಒಳಗೆ ಮಂಜಿನಂತೆ ನೀರು ಬಿಡುವ ಫಾಗರ್, ಅದಕ್ಕೊಂದು ಪುಟ್ಟ ಪಂಪು, ಪಂಪಿಗೊಂದು ಪ್ಲೇಟು. ಮನೆಯ ಹೊರಗೆ ಜಗಲಿಯ ಮೇಲೆ ಇಡುವಂಥದು. ಅಲ್ಲಿ ಬೆಳಕಿಗೆ ಒಂದು ದೀಪವನ್ನೂ ನೆಚ್ಚಿಲ್ಲ ಎಂಬುದನ್ನು ಗಮನಿಸಿರಿ. ನಮ್ಮ ಕೊಟ್ಟಿಗೆ ಅದೇ ಗೂಡಿನ ದೊಡ್ಡಣ್ಣನಾಗಬೇಕು, ಅಷ್ಟೆ.

ಈಗ ಕೊಟ್ಟಿಗೆಗೆ ಬರೋಣ. ಅದರ ದೊಡ್ಡ ಶತ್ರು ಮೇಲಿನ ಪತ್ರಾಸು. ಏಪ್ರಿಲ್ ಮೇ ತಿಂಗಳಲ್ಲಿ ಗೋಕಾಕದ ಹೊರಗಿನ ಗಾಳಿಯೇ ನಲವತ್ತು ಡಿಗ್ರಿಯ ಹತ್ತಿರಕ್ಕೆ ಹೋದಾಗ ಪತ್ರಾಸಿನ ಕೆಳಗೆ ರೊಟ್ಟಿ ಸುಡಬಹುದು. ಚಿಪ್ಪು ಅಣಬೆಗೆ ಬೇಕಾದದ್ದು ಇಪ್ಪತ್ತರಿಂದ ಮೂವತ್ತು ಡಿಗ್ರಿ. ಈ ಕಾವನ್ನು ಯಂತ್ರದಿಂದ ಹೊರಗೆ ಹಾಕಲು ಹೋದರೆ ಮತ್ತೆ ಪ್ಲೇಟಿನ ಸಂಖ್ಯೆ ಬೆಳೆಯುತ್ತದೆ. ಅದಕ್ಕಿಂತ ಕಾವು ಒಳಗೆ ಬಾರದಂತೆ ತಡೆಯುವದು ಅಗ್ಗ. ಪತ್ರಾಸಿನ ಮೇಲೆ ಸುಣ್ಣ ಬಳಿಯಿರಿ. ಅದರ ಮೇಲೆ ಒಂದು ಗೇಣು ದಪ್ಪ ರವದಿ ಅಥವಾ ಸೋಗೆ ಹೊದಿಸಿ ಗಾಳಿಗೆ ಹಾರದಂತೆ ಬಿಗಿಯಿರಿ. ಒಳಗೆ ಪತ್ರಾಸಿನಿಂದ ಒಂದೂವರೆ ಅಡಿ ಕೆಳಗೆ ಗೋಣಿತಟ್ಟಿನ ಛತ್ತು ಕಟ್ಟಿರಿ. ಪಡುವಣ ಗೋಡೆಗೆ ಬಿಸಿಲು ಬಡಿಯುತ್ತಿದ್ದರೆ ಹೊರಗೆ ತೊಗರಿಯನ್ನೋ ನುಗ್ಗೆಯನ್ನೋ ಹಚ್ಚಿರಿ. ಇಷ್ಟಕ್ಕೆ ವಿದ್ಯುತ್ತು ಬೇಡ, ಸಾಲವೂ ಬೇಡ.

ದನ ಕಟ್ಟಿದ ಜಾಗವಾದುದರಿಂದ ಹೊಲಸು ತೆಗೆಯುವದು ಮುಖ್ಯ. ಸಗಣಿ ಗಂಜಳ ನೆಂದ ಮೇಲ್ಮಣ್ಣನ್ನು ಒಂದು ಗೇಣು ಕೆತ್ತಿ ತಿಪ್ಪೆಗೆ ಹಾಕಿರಿ. ಗರಸು ಹಾಕಿ ಗಟ್ಟಿ ಮಾಡಿ, ಗೋಡೆಗೆ ಎರಡು ಸಲ ಸುಣ್ಣ ಹೊಡೆದು, ಹದಿನೈದು ದಿನ ಬಾಗಿಲು ತೆರೆದು ಬಿಡಿರಿ. ಒಂದು ಬದಿಗೆ ಎಮ್ಮೆ, ಇನ್ನೊಂದು ಬದಿಗೆ ಅಣಬೆ ಎಂಬ ಹೊಂದಾಣಿಕೆ ನಡೆಯುವದಿಲ್ಲ. ನೊಣ ಅಣಬೆಯ ವೈರಿ. ಕಿಟಕಿಗೂ ಬಾಗಿಲಿಗೂ ಸಣ್ಣ ಕಣ್ಣಿನ ಬಲೆ ಬೇಕು.

ಇಷ್ಟಾದ ಮೇಲೆ ಸೋಲಾರಿನ ಕೆಲಸ ಉಳಿಯುವದು ಎಷ್ಟು? ಒಂದು, ಗಾಳಿಯನ್ನು ಒದ್ದೆಯಾಗಿ ಇಡುವದು. ಅಣಬೆ ಏಳುವಾಗ ಗಾಳಿಯಲ್ಲಿ ತೇವ ನೂರಕ್ಕೆ ಎಂಬತ್ತರ ಮೇಲೆ ಇರಬೇಕು. ಎರಡು, ಕೆಟ್ಟ ಗಾಳಿಯನ್ನು ಹೊರಗೆ ಹಾಕುವದು. ಅಣಬೆಯೂ ನಮ್ಮಂತೆಯೇ ಉಸಿರಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಉಸಿರೇ ತುಂಬಿಕೊಂಡರೆ ದೇಟು ಉದ್ದವಾಗಿ ಕೊಡೆ ಅರಳದೆ ನಿಲ್ಲುತ್ತದೆ. ಮೂರು, ಸ್ವಲ್ಪ ಬೆಳಕು. ಬಿಸಿಲು ಬೇಡವಾದರೂ ಕೊಡೆ ಅರಳಲು ಪತ್ರಿಕೆ ಓದುವಷ್ಟು ಬೆಳಕು ಅದಕ್ಕೆ ಬೇಕು. ಕಿಟಕಿಯಿಂದ ಬಂದರೆ ಸಾಕು. ಬಾರದಿದ್ದರೆ ಎರಡು ಸಣ್ಣ ದೀಪ.

ಈ ಕೆಲಸಕ್ಕೆ ಊರಿನ ಲೈನು ಇಲ್ಲವೆ ಎಂದು ಕೇಳಬಹುದು. ಮನೆ ಊರೊಳಗೆ ಇದ್ದು, ಲೈನು ಇಡೀ ದಿನ ಇರುವದಾದರೆ ಪ್ಲೇಟು ಬೇಡವೇ ಬೇಡ. ಆ ಹಣವನ್ನು ಉಳಿಸಿಕೊಳ್ಳಿರಿ. ಆದರೆ ತೋಟದ ಮನೆಯ ಕೊಟ್ಟಿಗೆ ಅನೇಕ ವೇಳೆ ಪಂಪಸೆಟ್ಟಿನ ಲೈನಿಗೆ ಅಂಟಿಕೊಂಡಿರುತ್ತದೆ. ಅದರಲ್ಲಿ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ತಾಸು ಮಾತ್ರ, ಅದೂ ಕೆಲವೊಮ್ಮೆ ರಾತ್ರಿ ಪಾಳಿ. ನಡುಹಗಲಿನ ಎರಡು ಗಂಟೆಗೆ ಅಣಬೆಯ ಬಾಯಿ ಒಣಗುತ್ತಿರುವಾಗ ಲೈನು ಇರುವದಿಲ್ಲ. ಸೋಲಾರಿನ ಗುಣ ಇದೇ: ಬಿಸಿಲು ಹೆಚ್ಚಾದಷ್ಟೂ ನೀರು ಚಿಮುಕಿಸುವ ಅಗತ್ಯ ಹೆಚ್ಚು, ಅದೇ ಹೊತ್ತಿಗೆ ಪ್ಲೇಟಿನ ಶಕ್ತಿಯೂ ಹೆಚ್ಚು. ಬೇಡಿಕೆಯೂ ಪೂರೈಕೆಯೂ ಒಂದೇ ಗಳಿಗೆಗೆ ಬರುತ್ತವೆ. ಗೋಕಾಕ ಫಾಲ್ಸಿನ ಗಿರಣಿ ೧೮೮೦ರ ದಶಕದಲ್ಲಿ ಘಟಪ್ರಭೆಯ ನೀರು ಬೀಳುವ ಜಾಗದಲ್ಲಿಯೇ ಬಂದು ಕುಳಿತದ್ದು ಇಂಥದೇ ಜಾಣತನದಿಂದ. ಶಕ್ತಿ ಇರುವಲ್ಲಿಗೆ ಕೆಲಸವನ್ನು ಒಯ್ದರು.

ಫಾಗರಿನ ಪಂಪು ೧೨ ವೋಲ್ಟಿನದು, ೬೦ ವ್ಯಾಟಿನದು ಎಂದು ಹಿಡಿಯಿರಿ. ಹಗಲಿನ ಹನ್ನೆರಡು ತಾಸು, ತಾಸಿಗೆ ಐದು ನಿಮಿಷ ನಡೆದರೆ ದಿನಕ್ಕೆ ಒಟ್ಟು ಒಂದು ತಾಸು, ಖರ್ಚು ೬೦. ಗಾಳಿ ಎಳೆಯುವ ಫ್ಯಾನು ೩೦ ವ್ಯಾಟಿನದು, ಆರು ತಾಸು, ಖರ್ಚು ೧೮೦. ಒಂಬತ್ತು ವ್ಯಾಟಿನ ಎರಡು ದೀಪ ನಾಲ್ಕು ತಾಸು, ಖರ್ಚು ೭೨. ಎಲ್ಲ ಕೂಡಿ ೩೧೨. ಮೂರರಲ್ಲೊಂದು ಯೂನಿಟ್ಟೂ ಆಗಲಿಲ್ಲ. ಇದಕ್ಕೆ ೧೦೦ ವ್ಯಾಟಿನ ಪ್ಲೇಟು ಸಾಕು. ಆಷಾಢದ ಮೋಡವನ್ನು ನೆನೆದು ೧೫೦ ವ್ಯಾಟಿನದನ್ನು ಹಾಕಿಸಿರಿ. ಅದರ ಅಗಲ ಒಂದು ಚದರ ಮೀಟರಿಗಿಂತ ಕಡಿಮೆ. ಎಂಬತ್ತನಾಲ್ಕು ಮೀಟರಿನ ಮಾತನ್ನು ಈಗ ನೆನಪಿಸಿಕೊಳ್ಳಿರಿ. ಬ್ಯಾಟರಿ ೧೨ ವೋಲ್ಟಿನ ೧೦೦ ಆಂಪಿಯರ್ ತಾಸಿನದು. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ ಸೂರ್ಯ ಕಾಣದಿದ್ದರೂ ಹತ್ತಿರ ಹತ್ತಿರ ಎರಡು ದಿನ ತಳ್ಳುತ್ತದೆ. ಅಂಗಡಿಯವನು ಇದಕ್ಕಿಂತ ಐದು ಪಟ್ಟು ದೊಡ್ಡದನ್ನು ತೋರಿಸಿದರೆ, “ಅಣ್ಣಾ, ಯಾವ ಯಂತ್ರಕ್ಕ ಎಷ್ಟ ತಾಸು, ಬರದು ಕೊಡ್ರಿ” ಎಂದು ಕೇಳಿರಿ.

ಪ್ಲೇಟಿನ ಮುಖ ತೆಂಕಣಕ್ಕೆ ಇರಬೇಕು. ನಮ್ಮ ಸೀಮೆ ಹದಿನಾರು ಡಿಗ್ರಿ ಅಕ್ಷಾಂಶದ ಮೇಲಿದೆ; ಹತ್ತು ಅಡಿಗೆ ಮೂರು ಅಡಿ ಏರುವಷ್ಟು ಓರೆ ಕೊಟ್ಟರೆ ಸರಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರಖಾನೆಯ ಚಿಮಣಿಯ ಬೂದಿ, ರವದಿ ಸುಟ್ಟ ಮಸಿ ಇವು ಹಾರಿಬಂದು ಪ್ಲೇಟಿನ ಮೇಲೆ ಕುಳಿತುಕೊಳ್ಳುತ್ತವೆ. ವಾರಕ್ಕೊಮ್ಮೆ ಮುಂಜಾನೆ, ಗಾಜು ಕಾಯುವ ಮುಂಚೆ, ನೀರು ಹಾಕಿ ಮೆತ್ತನ್ನ ಅರಿವೆಯಿಂದ ಒರೆಸಬೇಕು. ಬ್ಯಾಟರಿಯನ್ನೂ ಟೈಮರನ್ನೂ ಅಣಬೆಯ ಕೋಣೆಯೊಳಗೆ ಇಡಲೇಬಾರದು. ಅಲ್ಲಿ ದಿನವೆಲ್ಲ ಮಂಜು ಕವಿದಿರುತ್ತದೆ. ತಂತಿಯ ತುದಿಗಳು ಹಸಿರು ಹಿಡಿದು ಹೋಗುತ್ತವೆ. ಹೊರಗಿನ ಗೋಡೆಗೆ ಪೆಟ್ಟಿಗೆ ಮಾಡಿ, ಫ್ಯೂಜು ಹಾಕಿಸಿ, ಮಕ್ಕಳ ಕೈಗೆ ಎಟುಕದಂತೆ ಇಡಿರಿ.

ನೀರಿನ ಬಗ್ಗೆ ಒಂದು ಮಾತು. ಘಟಪ್ರಭೆಯ ಕಾಲುವೆಯ ಕೆಳಗೆ ಎಷ್ಟೋ ಭೂಮಿ ಸವಳು ಜವಳಾಗಿದೆ. ಅಲ್ಲಿಯ ಬೋರಿನ ನೀರಿನಲ್ಲಿ ಉಪ್ಪು ಹೆಚ್ಚು. ಫಾಗರಿನ ಕಣ್ಣು ಸೂಜಿಯ ಮೊನೆಗಿಂತ ಸಣ್ಣದು. ಉಪ್ಪು ಕಟ್ಟಿ ತಿಂಗಳೊಳಗೆ ಮುಚ್ಚಿಹೋಗುತ್ತದೆ. ಕಾಲುವೆಯ ನೀರಿನಲ್ಲಿ ಕೆಸರು. ಎರಡಕ್ಕೂ ಒಳ್ಳೆಯ ಮದ್ದೆಂದರೆ ಮಳೆನೀರು. ಹದಿನಾಲ್ಕು ಮೀಟರಿನ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಮುನ್ನೂರ ಐವತ್ತು ಲೀಟರು ನೀರು. ಹತ್ತು ಫಾಗರು ದಿನಕ್ಕೆ ಒಂದು ತಾಸು ನಡೆದರೆ ಐವತ್ತು ಲೀಟರಿನ ಆಸುಪಾಸು ಬೇಕು. ಅಂದರೆ ಒಂದು ಮಳೆಗೆ ಒಂದು ವಾರ. ರವದಿ ಹೊದಿಸಿದ ಸೂರಿನಿಂದ ಬರುವ ನೀರು ಕೆಂಪಗಿರುವದರಿಂದ ಮನೆಯ ಮಾಳಿಗೆಯ ನೀರನ್ನು ಹಿಡಿದು ಅರಿವೆಯಲ್ಲಿ ಸೋಸಿ ತುಂಬುವದು ಒಳ್ಳೆಯದು.

ಅಣಬೆ ಬೆಳೆಯುವ ಕ್ರಮವನ್ನು ಈಗ ಹೇಳುತ್ತೇನೆ. ನಮ್ಮಲ್ಲಿ ಬತ್ತದ ಹುಲ್ಲು ಕಡಿಮೆ. ಖಾನಾಪುರದ ಕಡೆಯಿಂದ ತರಬೇಕು. ಅದರ ಬದಲು ಸೋಯಾಬೀನಿನ ಹೊಟ್ಟು, ಗೋದಿಯ ಹೊಟ್ಟು, ಕಬ್ಬಿನ ರವದಿ ನಡೆಯುತ್ತವೆ. ಯಾವದಾದರೂ ಸರಿ, ಅದು ಹೊಸದಾಗಿರಬೇಕು, ಮಳೆಗೆ ನೆನೆದು ಕಪ್ಪಾಗಿರಬಾರದು. ಎರಡು ಅಂಗುಲದಷ್ಟು ಕತ್ತರಿಸಿ ಒಂದು ರಾತ್ರಿ ನೀರಿನಲ್ಲಿ ನೆನೆಯಿಡಿರಿ. ಮರುದಿನ ಎಂಬತ್ತು ಡಿಗ್ರಿಯ ಹತ್ತಿರ ಕಾದ ನೀರಿನಲ್ಲಿ, ಅಂದರೆ ತಳದಿಂದ ಸಣ್ಣ ಗುಳ್ಳೆ ಏಳುತ್ತಿದ್ದರೂ ಕುದಿ ಬಾರದಂಥ ನೀರಿನಲ್ಲಿ, ಒಂದು ತಾಸು ಇಡಬೇಕು. ಇದರಿಂದ ಹುಲ್ಲಿನಲ್ಲಿರುವ ಬೇರೆ ಬೂಜಿನ ಬೀಜಗಳು ಸಾಯುತ್ತವೆ. ಮೂಲೆಯಲ್ಲಿ ಮಗುಚಿಬಿದ್ದ ಬೆಲ್ಲದ ಕೊಪ್ಪರಿಗೆ ಇದ್ದರೆ ಅದಕ್ಕೆ ಇಲ್ಲಿ ಮತ್ತೆ ಕೆಲಸ ಸಿಕ್ಕಿತು! ಆಮೇಲೆ ಸೋಸಿ, ತೊಳೆದ ಸಿಮೆಂಟು ಕಟ್ಟೆಯ ಮೇಲೆ ನೆರಳಿನಲ್ಲಿ ಹರವಿರಿ. ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದಾಗ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಈ ಹದ ಕೈಗೆ ಬಂದರೆ ಅರ್ಧ ವಿದ್ಯೆ ಬಂದಂತೆ. ಎಷ್ಟೋ ಜನರ ಚೀಲ ಕೊಳೆಯುವದು ನೀರು ಹೆಚ್ಚಾದದ್ದಕ್ಕೆ.

ಪ್ಲಾಸ್ಟಿಕ್ಕಿನ ಚೀಲದಲ್ಲಿ ನಾಲ್ಕು ಬೆರಳು ಹುಲ್ಲು, ಅದರ ಮೇಲೆ ಅಂಚಿನುದ್ದಕ್ಕೂ ಅಣಬೆ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ. ಹೀಗೆ ತುಂಬಿ ಬಿಗಿಯಾಗಿ ಕಟ್ಟಿ, ದಬ್ಬಣದಿಂದ ಅಲ್ಲಲ್ಲಿ ತೂತು ಹಾಕಿರಿ. ಬೀಜವೆಂದರೆ ಜೋಳದ ಇಲ್ಲವೆ ಗೋದಿಯ ಕಾಳಿನ ಮೇಲೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಬಿಳಿ ಎಳೆ. ಹದಿನೈದು ಇಪ್ಪತ್ತು ದಿನ ಕತ್ತಲೆಯಲ್ಲಿ ಇಟ್ಟರೆ ಚೀಲವೆಲ್ಲ ಹತ್ತಿಯಂತೆ ಬೆಳ್ಳಗಾಗುತ್ತದೆ. ಹಸಿರು ಅಥವಾ ಕಪ್ಪು ಕಲೆ ಕಂಡ ಚೀಲವನ್ನು ಕೂಡಲೇ ಹೊರಗೆ ಒಯ್ದು ಹೂಳಿರಿ. ಒಂದನ್ನು ಉಳಿಸಿಕೊಳ್ಳಲು ಹೋಗಿ ಹತ್ತನ್ನು ಕಳೆದುಕೊಳ್ಳಬೇಡಿರಿ. ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ಕು ಸುಲಿದು ಹಗ್ಗಕ್ಕೆ ತೂಗುಬಿಡಿರಿ. ಫಾಗರಿಗೂ ಫ್ಯಾನಿಗೂ ಈಗ ಕೆಲಸ. ನಾಲ್ಕೈದು ದಿನಗಳಲ್ಲಿ ಸೂಜಿಯ ತಲೆಯಷ್ಟು ಮೊಗ್ಗು ಏಳುತ್ತವೆ. ಮತ್ತೆ ಮೂರು ನಾಲ್ಕು ದಿನಕ್ಕೆ ಕೊಯ್ಲು. ವಾರ ಹತ್ತು ದಿನಗಳ ಅಂತರದಲ್ಲಿ ಮೂರು ಸಲ ಕೊಯ್ಯಬಹುದು. ಒಂದು ಕಿಲೋ ಒಣ ಹೊಟ್ಟಿಗೆ ಅರ್ಧದಿಂದ ಒಂದು ಕಿಲೋವರೆಗೆ ಅಣಬೆ ಬರುತ್ತದೆ. ಮೊದಲ ಸಲ ಅರ್ಧ ಬಂದರೂ ಮುಖ ಸಣ್ಣದು ಮಾಡಬೇಡಿರಿ.

ಕೊಡೆಯ ಅಂಚು ಮೇಲಕ್ಕೆ ಮಗುಚುವ ಮುಂಚೆಯೇ ಕೊಯ್ಯಬೇಕು. ತಡವಾದರೆ ಅದರಿಂದ ಕಣ್ಣಿಗೆ ಕಾಣದ ಪುಡಿ ಉದುರಿ ಕೋಣೆಯ ಗಾಳಿಯಲ್ಲಿ ತುಂಬುತ್ತದೆ. ದಿನವೂ ಅದನ್ನು ಉಸಿರಾಡಿದವರಿಗೆ ಕೆಮ್ಮು, ಜ್ವರ, ಎದೆಬಿಗಿತ ಬರುವದುಂಟು. ಕೊಯ್ಲಿಗೆ ಹೋಗುವ ಮುಂಚೆ ಫ್ಯಾನನ್ನು ಕಾಲು ತಾಸು ನಡೆಸಿ, ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಳ್ಳಿರಿ. ಉಬ್ಬಸವಿದ್ದವರು ಈ ಕೆಲಸಕ್ಕೆ ಬಾರದಿರುವದೇ ಲೇಸು. ಹಾಗೆಯೇ, ತಿಪ್ಪೆಯ ಮೇಲೆ, ಗೋಡೆಯ ಸಂದಿಯಲ್ಲಿ ತಾನಾಗಿ ಎದ್ದ ಬೇರೆ ಅಣಬೆ ಎಷ್ಟೇ ಚಂದ ಕಂಡರೂ ಅದನ್ನು ಬುಟ್ಟಿಗೆ ಹಾಕಬಾರದು.

ಬೆಳೆಯುವದು ಇಷ್ಟಾಯಿತು. ಮಾರುವದು ಇದಕ್ಕಿಂತ ಬಿರುಸು. ಬೆಳಗಾವಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಣಬೆಯನ್ನು ಒಲೆಯ ಹತ್ತಿರ ಬಿಡುವದಿಲ್ಲ; ಅದು ಕಾಯಿಪಲ್ಲೆಯೋ ಅಲ್ಲವೋ ಎಂಬ ಸಂಶಯ. ಅತ್ತೆ ಬೇಡವೆಂದ ಮನೆಯಲ್ಲಿ ಸೊಸೆ ಕೊಳ್ಳುವದಿಲ್ಲ. ತಿನ್ನುವವರು ಇಲ್ಲವೆಂದಲ್ಲ, ಆದರೆ ಅವರು ಎಲ್ಲಿದ್ದಾರೆ ಎಂದು ಮೊದಲು ತಿಳಿಯಬೇಕು. ಕೊಯ್ದ ಅಣಬೆ ನೆರಳಿನಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು ದಿನ ಉಳಿದೀತು. ಗುರುವಾರ ಕೊಯ್ದು ರವಿವಾರದ ಸಂತೆಗೆ ಇಡಲು ಬರುವದಿಲ್ಲ. ಗೋಕಾಕ, ಘಟಪ್ರಭಾ, ಬೆಳಗಾವಿಯ ಖಾನಾವಳಿ ಹೋಟೆಲುಗಳಲ್ಲಿ ವಾರಕ್ಕೆ ಎಷ್ಟು ಕಿಲೋ, ಯಾವ ದಿನ, ಯಾವ ದರ ಎಂದು ಕೇಳಿಕೊಂಡು ಅಷ್ಟಕ್ಕೇ ಚೀಲ ಕಟ್ಟಿರಿ. ಉಳಿದದ್ದನ್ನು ಅದೇ ದಿನ ಸೀಳಿ ಬಲೆಯ ಮೇಲೆ ಒಣಗಿಸಬೇಕು. ಹತ್ತು ಕಿಲೋ ಹಸಿ ಅಣಬೆಗೆ ಒಂದು ಕಿಲೋ ಒಣ ಅಣಬೆ. ಅದು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಇಲ್ಲಿಯೂ ಕೆಲಸ ಮಾಡುವವನು ಸೂರ್ಯನೇ, ಪ್ಲೇಟಿನ ಹಂಗಿಲ್ಲ.

ಕಲಿಯಲು ದೂರ ಹೋಗಬೇಕಾಗಿಲ್ಲ. ತುಕ್ಕಾನಟ್ಟಿಯಲ್ಲಿಯೇ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ೧೯೭೪ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು ಪ್ರಾರಂಭವಾದಂದಿನಿಂದ ಈ ಕೇಂದ್ರಗಳ ಉದ್ದೇಶವೇ ರೈತರಿಗೆ ಕೈಯಿಂದ ಮಾಡಿಸಿ ಕಲಿಸುವದು. ಅಣಬೆಯ ತರಬೇತಿ ಯಾವಾಗ, ಬೀಜ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ವಿಚಾರಿಸಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ವಿಚಾರಿಸಬಹುದು. ಬೀಜ ತರುವ ದಿನಕ್ಕೆ ಹೊಟ್ಟು ಸಿದ್ಧವಿರಲಿ. ತಂದ ಬೀಜ ಕಾವಿನಲ್ಲಿ ಬಹಳ ದಿನ ಬಾಳುವದಿಲ್ಲ.

ಕೊನೆಗೆ ಹಂಗಾಮಿನ ಮಾತು. ಮೊದಲ ಪ್ರಯೋಗವನ್ನು ದೀಪಾವಳಿ ಮುಗಿದ ಮೇಲೆ, ಚಳಿ ಇರುವಾಗ ಮಾಡಿರಿ. ಆಗ ಇಪ್ಪತ್ತು ಚೀಲ ಸಾಕು. ಒಂದೊಂದರಲ್ಲಿ ಒಂದು ಕಿಲೋ ಒಣ ಹೊಟ್ಟು ಹಿಡಿದರೆ ಒಂದೂವರೆ ಎರಡು ತಿಂಗಳಲ್ಲಿ ಹತ್ತರಿಂದ ಹದಿನೈದು ಕಿಲೋ ಅಣಬೆ. ಆ ಕಾಲದಲ್ಲಿ ಪ್ಲೇಟೂ ಬೇಡ, ಫಾಗರೂ ಬೇಡ; ಔಷಧ ಮುಟ್ಟದ ಹೊಸ ಕೈಪಂಪಿನಿಂದ ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿ, ಕಿಟಕಿ ತೆರೆದು ಮುಚ್ಚಿದರೆ ನಡೆಯುತ್ತದೆ. ಎರಡು ಬೆಳೆ ಹೀಗೆ ತೆಗೆದು, ಎಷ್ಟು ಬಂತು, ಎಷ್ಟು ಕೊಳೆಯಿತು, ಎಷ್ಟು ಮಾರಿತು ಎಂದು ನೋಟಬುಕ್ಕಿನಲ್ಲಿ ಬರೆದಿಡಿರಿ. ಮಾರ್ಚ್ ಬರುವ ಹೊತ್ತಿಗೆ ಕೊಳ್ಳುವವರು ಇದ್ದಾರೆ, ನೀರು ಹೊಡೆದು ಕೈ ಮಾತ್ರ ಸೋತಿದೆ ಎಂದು ಪುಸ್ತಕ ಹೇಳಿದರೆ ಆಗ ಸಂಘದ ಸಭೆಯಲ್ಲಿ ಸೋಲಾರಿನ ಸಾಲದ ವಿಷಯ ತೆಗೆಯಿರಿ. ಒಣ ಗಾಳಿಯ ಆ ತಿಂಗಳಲ್ಲಿ ಫಾಗರಿನ ಮಂಜು ಕೋಣೆಯನ್ನು ಚೆನ್ನಾಗಿ ತಂಪು ಮಾಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಚಿಪ್ಪು ಅ​ಣಬೆಯ ಹಟ ಬಿಟ್ಟು, ಮೂವತ್ತೈದು ಡಿಗ್ರಿಯವರೆಗೂ ತಾಳುವ ಹಾಲು ಅಣಬೆಯನ್ನು ಬೆಳೆಯಬಹುದು. ಅದಕ್ಕೆ ಚೀಲದ ಮೇಲೆ ಕಾಯಿಸಿ ಶುದ್ಧ ಮಾಡಿದ ಮಣ್ಣಿನ ಹೊದಿಕೆ ಬೇಕಾಗುತ್ತದೆ, ಅದರ ವಿಧಾನವನ್ನು ತರಬೇತಿಯಲ್ಲಿಯೇ ನೋಡಿ ಕಲಿಯಬೇಕು. ಮೂರು ಕೊಯ್ಲು ಮುಗಿದ ಚೀಲದ ಹೊಟ್ಟನ್ನು ಎಸೆಯಬೇಡಿರಿ. ಅದು ಅರ್ಧ ಕಳಿತ ಗೊಬ್ಬರ. ಎರೆಹುಳದ ತೊಟ್ಟಿಗೆ ಹಾಕಿ, ಅಲ್ಲಿಂದ ಕಬ್ಬಿನ ಸಾಲಿಗೆ ಒಯ್ಯಿರಿ.